ಕಾಕ ಮಾರದ ಮ್ಯಾಚು

ಕಾಕನ ಬಲಗಾಲಿನ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಆ ಜಾಗದಲ್ಲಿ ಹುಣಸೆಬೀಜದ ಬಣ್ಣದ ಗಟ್ಟಿ ಚರ್ಮ. ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಿದ್ದ ವಯಸ್ಸಿನಲ್ಲಿ ಎದುರಾಳಿಯ ಬೂಟಿನಡಿಗೆ ಸಿಕ್ಕಿ ಹೋದ ಉಗುರು ಮತ್ತೆ ಬರಲೇ ಇಲ್ಲವಂತೆ. ಮ್ಯಾಚಿನ ದಿನ ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಚಪ್ಪಲಿ ಕಳಚಿಟ್ಟು, ಆ ಬೆರಳನ್ನು ಮೈದಾನದ ಸುಣ್ಣದ ಗೆರೆಗೆ ತಾಗಿಸಿ ನಿಲ್ಲುತ್ತಿದ್ದರು. ಒಂದು ಇಂಚು ಒಳಗೆ ಬರುವವರಲ್ಲ. ಯಾರಾದರೂ ಕುರ್ಚಿ ತಂದುಕೊಟ್ಟರೆ ಹೊರಗೆ ಕಾಯುತ್ತಿದ್ದ ಆಟಗಾರನನ್ನು ಅದರಲ್ಲಿ ಕೂರಿಸುತ್ತಿದ್ದರು.

ನಮ್ಮದು ಪುತ್ತೂರಿನ ಏಳು ಜನರ ತಂಡ. ಇಲ್ಲಿಂದ ಕೇರಳದ ಗಡಿಯ ಆಚೆವರೆಗೂ ಸೆವೆನ್ಸ್ ಎಂದು ಕರೆಯುವ ಆಟ. ಅವರು ಹದಿನೆಂಟು ವರ್ಷ ಅದರ ಮ್ಯಾನೇಜರ್ ಆಗಿದ್ದರು. ಹೊಟ್ಟೆಪಾಡಿಗೆ ಪೇಟೆಯ ದರ್ಬೆಯಿಂದ ಸ್ವಲ್ಪ ಮುಂದೆ ಗುಜರಿ ಅಂಗಡಿ ಇತ್ತು. ಊರವರ ಹಳೆ ಪಾತ್ರೆ, ತಗಡು, ಸೈಕಲ್ಲು, ರದ್ದಿ ಪೇಪರಿನ ನಡುವೆ ನಮ್ಮ ಬಾಲು, ಬೂಟುಗಳ ಚೀಲವೂ ಇರುತ್ತಿತ್ತು. ಮುಸ್ಲಿಂ ಮನೆಗಳಲ್ಲಿ ಹಿರಿಯರನ್ನು ಕರೆಯುವ ಹಾಗೆ ಎಲ್ಲ ಜಾತಿಯ ಹುಡುಗರೂ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು.

ಈ ಮನುಷ್ಯನ ಬಗ್ಗೆ ಸಮಾಧಾನದಿಂದ ಬರೆಯಲು ನನ್ನಿಂದ ಆಗುವುದಿಲ್ಲ. ಸಿಟ್ಟು ಬರುತ್ತದೆ. ಊರವರ ಮೇಲೆ ಬರುತ್ತದೆ, ಅದಕ್ಕಿಂತ ಹೆಚ್ಚು ನನ್ನ ಮೇಲೆಯೇ ಬರುತ್ತದೆ.

ನಾನು ಬೆಟ್ಟಂಪಾಡಿಯವನು. ಹದಿನೆಂಟನೇ ವಯಸ್ಸಿಗೆ ಪುತ್ತೂರಿನಲ್ಲಿ ಟೈಲರಿಂಗ್ ಕಲಿಯಲು ಬಂದೆ. ಸಂಜೆ ಮೈದಾನದ ಬದಿಯಲ್ಲಿ ನಿಂತು ಆಟ ನೋಡುತ್ತಿದ್ದ ನನ್ನನ್ನು ಕಾಕ ಮೂರನೇ ದಿನ ಕರೆದರು. "ನೀನು ಬಾಲನ್ನು ನೋಡುದಿಲ್ಲ, ಖಾಲಿ ಜಾಗ ನೋಡ್ತೀ. ಬಾ, ಆಡು" ಎಂದರು. ನನ್ನ ಕಾಲಿನ ಅಳತೆಯ ಬೂಟು ಗುಜರಿಯಲ್ಲಿ ಸಿಗುವವರೆಗೆ ಎರಡು ವಾರ ಹುಡುಕಿದರು. ಸಿಕ್ಕಿದ್ದು ಒಂದು ಕಪ್ಪು, ಒಂದು ನೀಲಿ. "ಬಣ್ಣ ಆಡುದಿಲ್ಲ ಮೋನೆ" ಎಂದು ಹೇಳಿ ಅವರೇ ಲೇಸು ಕಟ್ಟಿದರು. ಮೋನೆ ಎಂದರೆ ಅವರ ಮನೆಮಾತಿನಲ್ಲಿ ಮಗನೇ ಎಂದು.

ಅವರು ಕಿರುಚುವವರಲ್ಲ. ತಪ್ಪು ಪಾಸ್ ಕೊಟ್ಟವನನ್ನು ಕರೆದು, ಅವನ ಭುಜ ಹಿಡಿದು ಮೈದಾನದ ಕಡೆಗೆ ತಿರುಗಿಸಿ, "ಅಲ್ಲಿ ಯಾರು ಇದ್ದ?" ಎಂದು ಕೇಳುತ್ತಿದ್ದರು. ಅಷ್ಟೇ ಬೈಗುಳ. ಬಾಲು ಕೊಟ್ಟು ನಿಂತುಬಿಟ್ಟವನಿಗೆ ಮಾತ್ರ, "ನಿಂತು ನೋಡುದಾದ್ರೆ ಹೊರಗೆ ಬಾ, ಇಲ್ಲಿ ನೆರಳು ಉಂಟು" ಎನ್ನುತ್ತಿದ್ದರು.

ತಂಡ ಸೇರಿದ ಮರುವರ್ಷದ ಒಂದು ಬೆಳಿಗ್ಗೆ ಪ್ರಾಕ್ಟೀಸಿಗೆ ನಾನೇ ಮೊದಲು ಬಂದಿದ್ದೆ. ಕಾಕ ಗೋಲಿನ ಬಲೆ ಕಟ್ಟುತ್ತಿದ್ದರು. ಎಲ್ಲಿಂದಲೋ ರಬ್ಬರು ಸುಟ್ಟ ವಾಸನೆ ಬಂದದ್ದಷ್ಟೇ ನನಗೆ ನೆನಪು. ಕಣ್ಣು ಬಿಟ್ಟಾಗ ಹುಲ್ಲಿನ ಮೇಲೆ ಮಗ್ಗುಲಾಗಿ ಮಲಗಿದ್ದೆ, ತಲೆಯಡಿ ಅವರ ಅಂಗಿ ಇತ್ತು. ನಾಲಿಗೆ ಕಚ್ಚಿ ರಕ್ತ ಬಂದಿತ್ತು, ಚಡ್ಡಿ ಒದ್ದೆಯಾಗಿತ್ತು. ಬನಿಯನ್ನಿನಲ್ಲಿ ಕೂತಿದ್ದ ಕಾಕ, "ಮೊದಲು ಬಂದದ್ದುಂಟಾ ಹೀಗೆ?" ಎಂದು ಕೇಳಿದರು. ಮನೆಯಲ್ಲಿ ಎರಡು ಸಲ ಬಂದಿತ್ತು. ಅಮ್ಮ ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟು, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿದ್ದಳು. ಅದನ್ನು ಹೇಳಿದೆ.

"ಕಬ್ಬಿಣ ನಾನು ದಿನಾ ಮುಟ್ಟುವವ. ಅದರಲ್ಲಿ ಮದ್ದು ಇದ್ದಿದ್ರೆ ನಾನೇ ಡಾಕ್ಟರ್ ಆಗ್ತಿದ್ದೆ" ಎಂದರು ಕಾಕ.

ಆ ವಾರವೇ ಅಂಗಡಿ ಮುಚ್ಚಿ ನನ್ನನ್ನು ಬಸ್ಸಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದರು. ಡಾಕ್ಟರು ಫಿಟ್ಸ್ ಎಂದರು, ದಿನಕ್ಕೆ ಎರಡು ಮಾತ್ರೆ ತಪ್ಪಿಸದಿದ್ದರೆ ಆಡಬಹುದು ಎಂದೂ ಹೇಳಿದರು. ಅಂದಿನಿಂದ ಮೈದಾನದಲ್ಲಿ ನನ್ನನ್ನು ಕಂಡ ಕೂಡಲೇ "ತಿಂದೆಯಾ?" ಎಂದು ಕೇಳುವುದು ಶುರುವಾಯಿತು. ಬೇರೆ ಯಾರಿಗೂ ಸಂಶಯ ಬರಬಾರದೆಂದು ಎಲ್ಲರಿಗೂ ಅದನ್ನೇ ಕೇಳತೊಡಗಿದರು. ಕಾಕನಿಗೆ ಹೊಟ್ಟೆಯದ್ದೇ ಚಿಂತೆ ಎಂದು ಹುಡುಗರು ನಗುತ್ತಿದ್ದರು.

ಆಮೇಲೆ ಆ ಫೈನಲ್ ಬಂತು. ಈಗ ಹನ್ನೊಂದು ವರ್ಷ ಆಯಿತು.

ಮಾತ್ರೆ ತಿಂದರೆ ಮೈ ಜಡವಾಗುತ್ತದೆಂದು ಎರಡು ದಿನ ಬಿಟ್ಟಿದ್ದೆ. ಕಾಕ ಕೇಳಿದಾಗ ತಿಂದೆ ಎಂದು ಸುಳ್ಳು ಹೇಳಿದೆ. ಸಂಜೆಯ ಮ್ಯಾಚು, ಮೈದಾನದ ಸುತ್ತ ಜನ ಕಿಕ್ಕಿರಿದಿದ್ದರು. ಒಂದು–ಒಂದು ಆಗಿತ್ತು. ನಮ್ಮ ಗೋಲು ಹೊಡೆದವನು ನಾನೇ. ಮುಗಿಯಲು ಹತ್ತು ನಿಮಿಷ ಇದೆ ಎನ್ನುವಾಗ ಬಾಲು ನನ್ನ ಪಕ್ಕದಲ್ಲೇ ಹೋದರೂ ನಾನು ಸುಮ್ಮನೆ ನಿಂತಿದ್ದೆನಂತೆ, ಬಾಯಿ ಚಪ್ಪರಿಸುತ್ತಿದ್ದೆನಂತೆ. ಕಾಕ ಕೂಡಲೇ ರೆಫ್ರಿಗೆ ಕೈ ಮಾಡಿ ನನ್ನನ್ನು ಹೊರಗೆ ಕರೆದರು.

ನನಗೆ ರೋಷ ಉಕ್ಕಿತು. ನೀರಿನ ಬಾಟಲಿಗೆ ಒದ್ದೆ. ಅಷ್ಟು ಜನರೆದುರು, ತಂದೆಯ ಹಾಗೆ ನನ್ನನ್ನು ನೋಡಿಕೊಂಡವರ ಮುಖಕ್ಕೆ, "ಎಷ್ಟು ಸಿಕ್ಕಿತು ಕಾಕ ನಿಮಗೆ?" ಎಂದು ಕೇಳಿದೆ.

ಅವರು ನನ್ನ ರಟ್ಟೆ ಹಿಡಿದು ಮೈದಾನದ ಪಕ್ಕದ ಶಾಲೆಯ ಕಟ್ಟಡದ ಹಿಂದಿನ ನೀರಿನ ಟ್ಯಾಂಕಿನ ಮರೆಗೆ ಎಳೆದುಕೊಂಡು ಹೋದರು. ಅಲ್ಲಿ ತಲುಪುವಷ್ಟರಲ್ಲಿ ನಾನು ಬಿದ್ದೆ. ಎಚ್ಚರವಾದಾಗ ನನ್ನ ತಲೆ ಅವರ ತೊಡೆಯ ಮೇಲಿತ್ತು. ಮೈದಾನದಿಂದ ಬೊಬ್ಬೆ ಕೇಳುತ್ತಿತ್ತು. ಅದು ಎದುರಿನ ತಂಡದವರ ಬೊಬ್ಬೆ. "ಹೋಗ್ಲಿ ಬಿಡು. ಎದ್ದು ಮುಖ ತೊಳಿ. ಯಾರೂ ನೋಡ್ಲಿಲ್ಲ" ಎಂದರು ಕಾಕ.

ಯಾರೂ ನೋಡಲಿಲ್ಲ, ಅದೇ ಮುಳುವಾಯಿತು. ಗೋಲು ಹೊಡೆದವನನ್ನು ಹೊರಗೆ ತೆಗೆದದ್ದು, ತಂಡ ಸೋಲುವಾಗ ಗೆರೆಯ ಬಳಿ ಇಲ್ಲದೆ ಶಾಲೆಯ ಹಿಂದೆ ಹೋದದ್ದು, ಜತೆಗೆ ನಾನು ಕೇಳಿದ ಆ ಪ್ರಶ್ನೆ. ಮರುದಿನ ಬೆಳಿಗ್ಗೆ ಚಹಾದಂಗಡಿಗಳಲ್ಲಿ ತೀರ್ಪು ಆಗಿಹೋಗಿತ್ತು. ಕಾಕ ಮ್ಯಾಚು ಮಾರಿದ್ದಾರೆ, ಟ್ಯಾಂಕಿನ ಹಿಂದೆ ಹಣ ತೆಗೆದುಕೊಳ್ಳಲು ಹೋಗಿದ್ದರು ಎಂದು. ಕಣ್ಣಾರೆ ಕಂಡೆವು ಎನ್ನುವವರೂ ಹುಟ್ಟಿಕೊಂಡರು. ಹದಿನೆಂಟು ವರ್ಷ ಅವರು ಕೊಟ್ಟ ಬೂಟಿನಲ್ಲಿ ಆಡಿದವರು ಒಂದು ರಾತ್ರಿಯಲ್ಲಿ ಅದನ್ನು ನಂಬಿದರು.

ಹದಿನೈದು ದಿನ ಕಳೆದು ಕಮಿಟಿಯ ಸಭೆ ನಡೆಯಿತು. ಅವರನ್ನು ತೆಗೆಯಬೇಕೆನ್ನುವವರು ಕೈ ಎತ್ತಿ ಎಂದರು. ನಾನು ಎತ್ತಲಿಲ್ಲ. ಆದರೆ ಬಾಯಿ ಬಿಡಲೂ ಇಲ್ಲ. ಕಾಕ ಎದ್ದು ನಿಂತು, "ಬಾಲುಗಳು ಅಂಗಡಿಯಲ್ಲಿ ಉಂಟು. ನಾಳೆ ಬಂದು ತೆಕ್ಕೊಂಡು ಹೋಗಿ" ಎಂದಷ್ಟೇ ಹೇಳಿ ಹೊರಟರು. ನಾನು ಹಿಂದೆಯೇ ಓಡಿದೆ.

"ಕಾಕ, ನಾನು ಒಳಗೆ ಹೋಗಿ ಹೇಳ್ತೇನೆ."

"ನಿನ್ನ ತಂಗಿಯನ್ನು ನೋಡ್ಲಿಕ್ಕೆ ಗಂಡಿನವರು ಯಾವಾಗ ಬರುದು?"

"ಆದಿತ್ಯವಾರ."

"ಆ ಮನೆಯಲ್ಲಿ ಫಿಟ್ಸ್ ಉಂಟು ಅಂತ ಗೊತ್ತಾದ್ರೆ ಮತ್ತೆ ಯಾರು ಬರ್ತಾರೆ? ಸುಮ್ಮನಿರು. ಇದು ಫುಟ್‌ಬಾಲು ಮೋನೆ, ಬದುಕಲ್ಲ."

ತಂಗಿಯ ಮದುವೆಯಾಯಿತು. ಮರ್ಕಂಜದಲ್ಲಿ ಸುಖವಾಗಿದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ನನ್ನ ಮದುವೆಯೂ ಆಯಿತು, ಹೆಂಡತಿಗೆ ಮೊದಲೇ ಎಲ್ಲ ಹೇಳಿದ್ದೆ. ಫಿಟ್ಸ್ ಬರದೆ ಒಂಬತ್ತು ವರ್ಷ ಕಳೆಯಿತು. ಬಾಯಿ ಬಿಡದಿರಲು ನನಗಿದ್ದ ಕಾರಣಗಳೆಲ್ಲ ಒಂದೊಂದಾಗಿ ಮುಗಿದವು. ಆದರೂ ಬಿಡಲಿಲ್ಲ. ಹೇಡಿತನಕ್ಕೆ ಬೇರೆ ಹೆಸರು ಕೊಡುವುದು ಬೇಡ. ಕಾಕ ಮತ್ತೆ ಮೈದಾನಕ್ಕೆ ಬರಲಿಲ್ಲ. ನಾನು ಅವರ ಅಂಗಡಿಯ ಎದುರು ಹೋಗುವ ದಾರಿಯನ್ನೇ ಬಿಟ್ಟೆ. ಕಳೆದ ಮಳೆಗಾಲದಲ್ಲಿ ಅಂಗಡಿಯ ತಕ್ಕಡಿಯ ಬಳಿ ಕೂತಲ್ಲೇ ಎದೆನೋವು ಬಂದು ತೀರಿಕೊಂಡರು. ದಫನದ ದಿನ ಮಸೀದಿಯ ಎದುರಿನ ರಸ್ತೆಯ ಈಚೆ ಬದಿಯಲ್ಲಿ ನಿಂತು ವಾಪಸು ಬಂದೆ.

ಈಗ ದರ್ಬೆಯಲ್ಲಿ ನನ್ನದೇ ಟೈಲರ್ ಅಂಗಡಿ ಇದೆ. ಜೆರ್ಸಿ ಹೊಲಿದು ಹೆಸರು, ನಂಬರು ಹಾಕಿಕೊಡುತ್ತೇನೆ. ಹೊಸ ಸೀಸನ್ ಶುರುವಾಗುವ ಮೊದಲು, ಕಳೆದ ತಿಂಗಳು, ತಂಡದ ಅಧ್ಯಕ್ಷ ಮತ್ತು ನಮ್ಮ ಕಾಲದ ಗೋಲ್‌ಕೀಪರ್ ಆರ್ಡರ್ ಕೊಡಲು ಬಂದರು. ಗೋಲ್‌ಕೀಪರ್ ಈಗ ರಿಕ್ಷಾ ಓಡಿಸುತ್ತಾನೆ. ಹಿಂದೆ ನಾಲ್ಕೈದು ಅಭಿಮಾನಿಗಳೂ ಇದ್ದರು.

"ತೋಳಿನಲ್ಲಿ ಕಾಕನ ಹೆಸರು ಹಾಕುವ. ಅವರು ಹೋದ ಮೇಲೆ ಮೊದಲ ಸೀಸನ್ ಇದು" ಎಂದ ಗೋಲ್‌ಕೀಪರ್.

"ಹೆಸರು ಹಾಕ್ಲಿಕ್ಕೆ ಅವರು ಎಂತ ಗೆದ್ದು ಕೊಟ್ಟಿದ್ದಾರೆ? ಫೈನಲಿಗೆ ಹೋಗುದು, ಸೋಲುದು. ಕಪ್ ಬಂದದ್ದು ನಾವು ಹೊರಗಿನ ಆಟಗಾರರನ್ನು ತಂದ ಮೇಲೆ" ಎಂದ ಅಧ್ಯಕ್ಷ.

"ಹೊರಗಿನವರು ಗೆದ್ದದ್ದು ನಮ್ಮ ಗೆಲುವಾ ಮಾರಾಯ್ರೆ? ಕಾಕನ ಕಾಲದಲ್ಲಿ ಏಳೂ ಜನ ಈ ಊರಿನವರು."

"ಆಟ ಕಲಿಸಿದ್ರು, ಇಲ್ಲ ಅಂತ ನಾನು ಹೇಳುದಿಲ್ಲ. ಕೊನೆಗೆ ಮಾರಿದ್ರು ಕೂಡ. ಎರಡೂ ಸತ್ಯ."

ಅಭಿಮಾನಿಗಳು ಎರಡು ಪಾಲಾಗಿ ವಾದಕ್ಕಿಳಿದರು. ಸತ್ತವರ ಹದಿನೆಂಟು ವರ್ಷಗಳನ್ನು ಮೀನಿನ ಹಾಗೆ ಎತ್ತಿ, ತಿರುಗಿಸಿ, ಮೂಸಿ ನೋಡುತ್ತಿದ್ದರು. ಅವರಲ್ಲಿ ಇಬ್ಬರು ಆ ಫೈನಲ್ ನಡೆದಾಗ ಚಡ್ಡಿಯಲ್ಲಿದ್ದ ಮಕ್ಕಳು. ನಾನು ಬಟ್ಟೆ ಕತ್ತರಿಸುತ್ತಲೇ ಇದ್ದೆ, ಕತ್ತರಿ ಗೆರೆ ಬಿಟ್ಟು ಹೋಗುತ್ತಿತ್ತು. ಅಷ್ಟರಲ್ಲಿ ಅಧ್ಯಕ್ಷ ನನ್ನ ಕಡೆ ಕೈ ತೋರಿಸಿ, "ಇವನನ್ನೇ ಕೇಳಿ. ಎಷ್ಟು ಸಿಕ್ಕಿತು ಅಂತ ಮೊದಲು ಕೇಳಿದ್ದು ಇವನೇ" ಎಂದ.

ಕತ್ತರಿ ಕೆಳಗಿಟ್ಟೆ. ಟ್ಯಾಂಕಿನ ಹಿಂದೆ ಯಾರು ಇದ್ದರು, ಎಂತ ಆಯಿತು, ಎಲ್ಲ ಹೇಳಿದೆ. ಫಿಟ್ಸ್, ಮಾತ್ರೆ, ನಾನು ಹೇಳಿದ ಸುಳ್ಳು, ತಂಗಿಯ ಮದುವೆ, ಏನನ್ನೂ ಮುಚ್ಚಿಡಲಿಲ್ಲ. ಗೋಲ್‌ಕೀಪರ್ ಬೆಂಚಿನ ಮೇಲೆ ಕೂತುಬಿಟ್ಟ. ಅವನೂ ಅಂದು ಕೈ ಎತ್ತಿದವನೇ.

ಅಧ್ಯಕ್ಷ, "ಇಷ್ಟು ವರ್ಷ ನೀನು ಎಲ್ಲಿದ್ದೆ ಮಾರಾಯ?" ಎಂದು ಕೇಳಿದ.

ಅವನ ಬಾಯಿಂದ ಆ ಪ್ರಶ್ನೆ ಬಂದದ್ದಕ್ಕೆ ಸಿಟ್ಟು ನೆತ್ತಿಗೇರಿತು. ಆದರೆ ಪ್ರಶ್ನೆ ಸರಿಯಾಗಿತ್ತು.

"ಇಲ್ಲೇ ಇದ್ದೆ" ಎಂದೆ. "ನೀವೂ ಇಲ್ಲೇ ಇದ್ರಿ. ಹನ್ನೊಂದು ವರ್ಷದಲ್ಲಿ ನೀವು ಒಬ್ಬರಾದರೂ ಕಾಕನ ಹತ್ತಿರ ಹೋಗಿ, ಆವತ್ತು ಎಂತ ಆಯಿತು ಅಂತ ಕೇಳಿದ್ದೀರಾ?"

ಅಧ್ಯಕ್ಷ ಸ್ವರ ತಗ್ಗಿಸಿ, ಹಾಗಾದರೆ ಹೆಸರು ಹಾಕುವ, ಫೋಟೋವನ್ನೂ ಹಾಕುವ, ಮನೆಯವರಿಗೆ ಒಂದು ಸನ್ಮಾನವನ್ನೂ ಮಾಡುವ ಎಂದ. ಎಷ್ಟು ಬೇಗ ತಿರುಗಿದ ಎಂದು ನನಗೆ ಅಸಹ್ಯವಾಯಿತು. ಮನೆಯವರನ್ನು ಕೇಳದೆ ಒಂದು ಅಕ್ಷರವನ್ನೂ ಹಾಕುವುದಿಲ್ಲ ಎಂದೆ.

ಮರುದಿನ ಮಧ್ಯಾಹ್ನ ಗುಜರಿ ಅಂಗಡಿಗೆ ಹೋದೆ. ಈಗ ಅದನ್ನು ನೋಡಿಕೊಳ್ಳುವುದು ಕಾಕನ ಮಗಳು. ರದ್ದಿ ಪೇಪರು ತೂಗುತ್ತಿದ್ದವಳು ನನ್ನ ಗುರುತು ಹಿಡಿದು ಸ್ಟೂಲು ಎಳೆದುಕೊಟ್ಟಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ.

"ಗೊತ್ತುಂಟು. ಬಾಪ ಉಮ್ಮನಿಗೂ ನನಗೂ ಆವತ್ತೇ ಹೇಳಿದ್ರು. ಹೊರಗೆ ಮಾತಾಡಬಾರದು ಅಂತಲೂ ಹೇಳಿದ್ರು" ಎಂದಳು.

"ನಿಮಗೆ ಜನ ಎಂತೆಲ್ಲ ಹೇಳಿರಬಹುದು."

"ಹೇಳಿದ್ರು. ಶಾಲೆಯಲ್ಲಿ ನನ್ನ ಮುಖಕ್ಕೇ ಹೇಳಿದವರು ಇದ್ದಾರೆ." ತಕ್ಕಡಿಯಿಂದ ಕಟ್ಟನ್ನು ಇಳಿಸಿ ಬದಿಗಿಟ್ಟಳು. "ಬಾಪನಿಗೆ ಅದರದ್ದು ದೊಡ್ಡ ಬೇಜಾರು ಇರಲಿಲ್ಲ. ನೀವು ಬರ್ತೀರಿ ಅಂತ ಇದ್ರು. ಹೆಸರು ಸರಿ ಮಾಡ್ಲಿಕ್ಕೆ ಅಲ್ಲ, ಸುಮ್ಮನೆ, ಹುಷಾರಿದ್ದೀರಾ ಅಂತ ನೋಡ್ಲಿಕ್ಕೆ. ಎರಡು ವರ್ಷ ಆಗಾಗ ಹೇಳ್ತಿದ್ರು. ಮತ್ತೆ ಹೇಳುದು ಬಿಟ್ರು."

ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಜೆರ್ಸಿಯ ಮಾತು ತೆಗೆದೆ. ಅವಳು ತಲೆ ಅಲ್ಲಾಡಿಸಿದಳು.

"ಬೇಡ. ಸೋತರೆ ಆ ಅಂಗಿಯನ್ನು ಅವರು ನೆಲಕ್ಕೆ ಎಸಿತಾರೆ."

ಹೆಸರಿಲ್ಲದ ಜೆರ್ಸಿಗಳನ್ನೇ ಹೊಲಿದು ಕೊಟ್ಟೆ. ಬರುವ ಆದಿತ್ಯವಾರ ಮೊದಲ ಮ್ಯಾಚು. ಕಾಕನ ಬಗ್ಗೆ ವಾದ ಮುಂದುವರಿಯುತ್ತದೆ, ನನ್ನನ್ನು ನಂಬುವವರು ಇದ್ದಾರೆ, ಸತ್ತವರ ಮೇಲಿನ ಕನಿಕರಕ್ಕೆ ಕತೆ ಕಟ್ಟಿದ್ದಾನೆ ಎನ್ನುವವರೂ ಇದ್ದಾರೆ. ಕೇಳಿದವರಿಗೆ ಹೇಳುತ್ತಿದ್ದೇನೆ, ಕೇಳದವರನ್ನು ನಿಲ್ಲಿಸಿಯೂ ಹೇಳುತ್ತಿದ್ದೇನೆ. ಕಾಕ ಬದುಕಿದ್ದಾಗ ದರ್ಬೆಯಿಂದ ಐದು ನಿಮಿಷ ನಡೆದು ಹೋಗಿ, ಹುಷಾರಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಅವರಿಗೆ ಸಾಕಿತ್ತು. ಅಷ್ಟನ್ನು ನಾನು ಮಾಡಲಿಲ್ಲ.