ಈರಣ್ಣನ ಡಿಸೈನ್

ಚಳ್ಳಕೆರೆಯ ಕಾಲೇಜೊಂದರ ಪ್ರಿನ್ಸಿಪಾಲರು ಹೋದ ತಿಂಗಳು ಫೋನ್ ಮಾಡಿದ್ದರು.

"ಮೇಡಂ, 'ತಂತ್ರಜ್ಞಾನದಲ್ಲಿ ಮಹಿಳೆ' ಅಂತ ಕಾರ್ಯಕ್ರಮ ಇಟ್ಕೊಂಡಿದೀವಿ. ಹುಡುಗೀರಿಗೆ ಸ್ಫೂರ್ತಿ ಕೊಡೋವಂಥ ಹೆಣ್ಣುಮಗಳು ಬೇಕು. ಕುದಾಪುರದ ಸೈನ್ಸ್ ಕ್ಯಾಂಪಸ್ ಕಡೆ ಯಾರಾದ್ರೂ ಸೈಂಟಿಸ್ಟ್ ಗೊತ್ತಾ?"

ಗೊತ್ತಿಲ್ಲ ಎಂದೆ. ಆದರೆ ಮೊಳಕಾಲ್ಮೂರಿನ ನಾಗವೇಣಿ ಗೊತ್ತು, ಕಂಪ್ಯೂಟರಿನಲ್ಲಿ ರೇಷ್ಮೆ ಸೀರೆಗೆ ಡಿಸೈನ್ ಮಾಡುತ್ತಾಳೆ ಎಂದೆ.

"ಓ, ಸೀರೆನಾ? ಆಗ್ಲಿ ಬಿಡಿ. ಲೇಡೀಸಿಗೆ ಇಷ್ಟ ಆಗ್ತೈತೆ."

ಸೀರೆ ಎಂದರೆ ಟೆಕ್ನಾಲಜಿ ಅಲ್ಲವೇ? ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ನೇತಾಡುತ್ತದೆ. ಯಾವ ಎಳೆ ಮೇಲೇಳಬೇಕು, ಯಾವುದು ಸುಮ್ಮನಿರಬೇಕು ಎಂದು ಆ ತೂತುಗಳೇ ಹೇಳುತ್ತವೆ. ಹಿಂದೆ ವಿಜ್ಞಾನಿಯೊಬ್ಬರು ಇಂಥ ಕಾರ್ಡುಗಳನ್ನು ನೋಡಿಯೇ ಕಂಪ್ಯೂಟರಿನ ಕನಸು ಕಂಡರಂತೆ. ಇನ್ನೂ ಕಟ್ಟಿಯೇ ಇರದ ಆ ಯಂತ್ರಕ್ಕೆ ಪ್ರೋಗ್ರಾಂ ಬರೆದಿಟ್ಟವಳು ಒಬ್ಬ ಹೆಂಗಸು. (ಮನೆ ಕಟ್ಟುವ ಮೊದಲೇ ಅಡುಗೆಮನೆ ಜೋಡಿಸಿಟ್ಟ ಹಾಗೆ. ಗಂಡಸರಿಗೆ ಇದು ಅರ್ಥವಾಗುವುದು ಕಷ್ಟ.)

ನಾಗವೇಣಿಯ ಕಥೆಗೂ ಬರೋಣ. ಆಕೆಯ ಮನೆಗೆ ಕಂಪ್ಯೂಟರ್ ಬಂದದ್ದು ನೇಕಾರ ಗಂಡ ಈರಣ್ಣನಿಗಾಗಿ. ತರಬೇತಿಗೆ ಹೋದವನೂ ಈರಣ್ಣನೇ. ಅಲ್ಲಿ ಫ್ಯಾನ್ ಕೆಳಗೆ ಸೊಗಸಾದ ನಿದ್ದೆ ಬರುತ್ತಿತ್ತು ಎಂದು ಅವನೇ ಹೇಳುತ್ತಾನೆ. ಡಬ್ಬ ಮೂಲೆ ಸೇರಿತು. ನಾಗವೇಣಿ ಅದರ ಮೇಲಿನ ಬಟ್ಟೆ ಸರಿಸಿ, ಮಧ್ಯಾಹ್ನಗಳಲ್ಲಿ ಒಂದೊಂದೇ ಬಟನ್ ಒತ್ತುತ್ತಾ ಕಲಿತಳು.

ಮೊದಲ ಸಲ ನವಿಲಿನ ಅಂಚು ಮಾಡಿದಾಗ ಕಾರ್ಡಿನಲ್ಲಿ ತೂತುಗಳು ತಪ್ಪಿದವು. ಸೀರೆಯುದ್ದಕ್ಕೂ ಕತ್ತೇ ಇಲ್ಲದ ನವಿಲುಗಳು! ಅತ್ತೆ ನೋಡಿ, "ಇದೇನಮ್ಮಾ, ಕೋಳಿನಾ?" ಅಂದರಂತೆ. ಈರಣ್ಣ ಡಬ್ಬವನ್ನು ಮಾರಿಬಿಡೋಣ ಅಂದ. ನಾಗವೇಣಿ ಅತ್ತಳು, ಸಿಟ್ಟು ಮಾಡಿಕೊಂಡಳು, ಮತ್ತೆ ಕೂತು ಕಾರ್ಡುಗಳನ್ನೆಲ್ಲ ಹೊಸದಾಗಿ ಮಾಡಿದಳು. ನವಿಲಿಗೆ ಕತ್ತು ಬಂತು. ಈಗ ಆಕೆಯ ಅಂಚಿಗಾಗಿ ಊರಿನ ನೇಕಾರರು ಕಾಯುತ್ತಾರೆ. ಅದಕ್ಕೆ ಊರು ಇಟ್ಟಿರುವ ಹೆಸರು? 'ಈರಣ್ಣನ ಡಿಸೈನ್'!

ಕಾರ್ಯಕ್ರಮದ ದಿನ ಗುಲಾಬಿ ಬಣ್ಣದ ಬ್ಯಾನರ್. ವೇದಿಕೆಯ ತುಂಬ ಗಂಡಸರು. ಮಹಿಳೆ ಹೇಗೆ ಮುಂದೆ ಬರಬೇಕು ಎಂದು ಒಬ್ಬೊಬ್ಬರೂ ವಿವರವಾಗಿ ಹೇಳಿದರು. ನಾಗವೇಣಿ ಸಭಿಕರ ಸಾಲಿನಲ್ಲಿ ನನ್ನ ಪಕ್ಕ ಕೂತು ಸೆರಗಿನ ತುದಿ ಸುತ್ತುತ್ತಿದ್ದಳು. "ಮೈಕಲ್ಲಿ ನನ್ನ ಹೆಸರು ಕೇಳ್ಬೇಕು ಮೇಡಂ, ಅದಕ್ಕೇ ಬಂದಿದೀನಿ" ಎಂದು ಪಿಸುಗುಟ್ಟಿದಳು.

ಕೊನೆಗೂ ನಿರೂಪಕರು ಕರೆದರು. "ಈಗ ಪ್ರಸಿದ್ಧ ಡಿಸೈನರ್ ಈರಣ್ಣನವರ ಧರ್ಮಪತ್ನಿ ವೇದಿಕೆಗೆ ಬರಬೇಕು."

ನಾಗವೇಣಿ ಏಳಲಿಲ್ಲ. ಮುಖ ಕೆಂಪಾಯಿತು. "ಏಳು" ಎಂದು ನಾನು ಮೊಣಕೈಯಿಂದ ತಿವಿದೆ. ಊಹೂಂ.

ಆಗ ಹಿಂದಿನ ಸಾಲಿನಿಂದ ಈರಣ್ಣ ಎದ್ದು ನಿಂತ. "ಸಾರ್, ಅವಳ ಹೆಸರು ನಾಗವೇಣಿ. ಡಿಸೈನೆಲ್ಲ ಅವಳ್ದೇ. ನಂಗೆ ಮೌಸ್ ಹಿಡಿಯೋಕೂ ಬರಲ್ಲ!"

ಹುಡುಗಿಯರು ಶಿಳ್ಳೆ ಹೊಡೆದರು. (ಹೌದು, ಹುಡುಗಿಯರೇ.) ನಿರೂಪಕರು ತಡವರಿಸುತ್ತಾ ಹೆಸರು ಕೂಗಿದರು. ನಾಗವೇಣಿ ಹೋಗಿ ಮೈಕ್ ಹಿಡಿದು ಕತ್ತಿಲ್ಲದ ನವಿಲಿನಿಂದಲೇ ಶುರು ಮಾಡಿದಳು. ಖುಷಿಯಾದಾಗ ಆಕೆಗೆ ತೆಲುಗು ಬರುತ್ತದೆ. ನಡುನಡುವೆ 'ನೋಡಿ' ಅನ್ನುವ ಬದಲು "ಚೂಡಂಡಿ" ಅನ್ನುತ್ತಾ ಸಭೆಯನ್ನು ನಗಿಸಿದಳು. ಕೊನೆಯಲ್ಲಿ ಮುಖ್ಯ ಅತಿಥಿಗಳು, "ಮನೆ, ಕೆಲಸ ಎರಡನ್ನೂ ಹೆಂಗಮ್ಮಾ ನಿಭಾಯಿಸ್ತೀರಿ?" ಎಂದು ಕೇಳಿದರು. (ಈ ಪ್ರಶ್ನೆ ಕೇಳದೆ ಇಂಥ ಸಭೆಗಳು ಮುಗಿಯುವುದುಂಟೇ?)

"ನಮ್ಮನೇರನ್ನೂ ಒಂದ್ಸಲ ಹಿಂಗೇ ಕೇಳಿ ಸಾರ್" ಎಂದಳು ನಾಗವೇಣಿ. ಮುಖ್ಯ ಅತಿಥಿಗಳು ನೀರು ಕುಡಿದರು.

ಈಗ ಆ ಕಾಲೇಜಿನಲ್ಲಿ ಓದುವ, ತಳಕು ಊರಿನ ಇಬ್ಬರು ವಿದ್ಯಾರ್ಥಿನಿಯರು ಭಾನುವಾರ ಬಸ್ಸು ಹತ್ತಿ ಅವಳ ಬಳಿ ಕಲಿಯಲು ಹೋಗುತ್ತಿದ್ದಾರೆ. ಟೀ ಮಾಡುವ ಕೆಲಸ ಈರಣ್ಣನದು. ಚೆನ್ನಾಗಿ ಮಾಡುತ್ತಾನಂತೆ.

ಮೊನ್ನೆ ಪ್ರಿನ್ಸಿಪಾಲರು ಮತ್ತೆ ಫೋನ್ ಮಾಡಿದರು. "ಮೇಡಂ, ಭಾರಿ ರೆಸ್ಪಾನ್ಸು! ಕಾಲೇಜಲ್ಲಿ ಮಹಿಳಾ ಟೆಕ್ನಾಲಜಿ ಸಮಿತಿ ಅಂತಾನೇ ಮಾಡಿಬಿಟ್ವಿ." ಅಧ್ಯಕ್ಷರು, ಕಾರ್ಯದರ್ಶಿ, ಸಂಚಾಲಕರು ಎಂದು ಹೆಸರುಗಳನ್ನು ಓದಿದರು. ಎಲ್ಲವೂ ಮೇಷ್ಟರುಗಳವೇ.

"ಸಾರ್, ಇದರಲ್ಲಿ ಹೆಂಗಸರೆಲ್ಲಿ?" ಎಂದೆ.

"ಪ್ರಾರ್ಥನೆ ಹಾಡೋಕೆ ಅವರೇ ಅಲ್ವಾ ಮೇಡಂ?" ಎಂದರು.

ಅದೂ ಸರಿ. ಇಂಥ ಸಮಿತಿ ಇರುವಾಗ ಪ್ರಾರ್ಥನೆ ಬಿಟ್ಟು ಬೇರೇನು ತಾನೇ ಮಾಡಲಾದೀತು?