ಜಯಕ್ಕನ ಮುದ್ದೆ ಮತ್ತು ನಲವತ್ತು ಇಂಚಿನ ಟಿವಿ

ಕಳೆದ ಶನಿವಾರ ಮಧ್ಯಾಹ್ನ ನಮ್ಮ ಜಯಕ್ಕ ನಮ್ಮ ಮನೆಯ ಹಾಲ್‌ನಲ್ಲಿ ಕೂತು ಅತ್ತುಬಿಟ್ಟಳು. ಯಾರೂ ಬೈದಿರಲಿಲ್ಲ. ಯಾರಿಗೂ ಹುಷಾರು ತಪ್ಪಿರಲಿಲ್ಲ. ಅವಳು ಮಾಡಿದ ರಾಗಿಮುದ್ದೆ ಟಿವಿಯಲ್ಲಿ ಚಪ್ಪಟೆಯಾಗಿ ಕಂಡಿತ್ತು, ಅಷ್ಟೇ.

ನಗಬೇಡಿ. ಮುದ್ದೆ ಚಪ್ಪಟೆಯಾದರೆ ಯಾರ ಗಂಟೇನು ಹೋಗುತ್ತದೆ ಎಂದು ಕೇಳುವವರು ನಮ್ಮ ಕಡೆಗೆ ಸೊಸೆಯಾಗಿ ಬಂದವರಲ್ಲ. ತಪ್ಪು ಅಕ್ಕನದಲ್ಲ, ಮುದ್ದೆಯದೂ ಅಲ್ಲ. ತಪ್ಪೆಲ್ಲ ನನ್ನದು ಮತ್ತು ನನ್ನ ಹೊಸ ಟಿವಿಯದು.

ಟಿವಿ ತಂದು ಎರಡು ತಿಂಗಳಾಯಿತು. ಸದಾಶಿವನಗರದ ನಮ್ಮ ಬೀದಿಗೆ ಅದೇ ಮೊದಲ ನಲವತ್ತು ಇಂಚು. ಗೋಡೆಗೆ ನೇತುಹಾಕುವ ಟಿವಿ. ನನ್ನ ಹೆಂಡತಿ ಸುಮ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದಳು. ಹಳೇ ಟಿವಿಯ ತಲೆಯ ಮೇಲೆ ಹೊದಿಸುತ್ತಿದ್ದ ಕ್ರೋಶಾ ಬಟ್ಟೆಯನ್ನು ಇದರ ಮೇಲೂ ಹೊದಿಸಲು ನೋಡಿದಳು. ಅದು ಮೂರು ಸಲ ಜಾರಿ ಬಿತ್ತು. (ಇಷ್ಟು ತೆಳ್ಳಗಿರುವ ವಸ್ತುವನ್ನು ನಂಬುವುದು ಹೇಗೆ ಎಂಬ ಅನುಮಾನ ಅವಳಿಗೆ ಅವತ್ತೇ ಬಂದಿತ್ತಂತೆ.) ಹಳೇ ಡಬ್ಬಾ ಟಿವಿಯನ್ನು ಗುಬ್ಬಿಯಲ್ಲಿರುವ ನಮ್ಮ ಮಾವನವರ ಮನೆಗೆ ಸಾಗಿಸಿದೆವು.

ಟಿವಿ ಕೊಟ್ಟವರು ಮಂಡಿಪೇಟೆಯ ಖಲೀಲ್ ಭಾಯ್. ರೇಡಿಯೋ ರಿಪೇರಿ ಕಾಲದಿಂದಲೂ ನಮಗೆ ಅವರೇ. ಅಂಗಡಿಯೂ ಅವರದೇ, ಮನೆಗೆ ಬಂದು ಮೊಳೆ ಹೊಡೆಯುವುದೂ ಅವರೇ. ಜೊತೆಗೆ ಎಚ್‌ಡಿ ಬಾಕ್ಸ್ ಕೊಟ್ಟು, ಮಾಳಿಗೆಯ ಮೇಲೆ ಹೊಸ ಡಿಶ್ ಕೂರಿಸಿ, ಇಂಗ್ಲಿಷ್‌ನ ಪ್ರಾಣಿಗಳ ಚಾನೆಲ್ ಹಾಕಿದರು. ಅಬ್ಬಾ! ಸಿಂಹದ ಮೀಸೆಯನ್ನು ಒಂದೊಂದೇ ಎಣಿಸಬಹುದಿತ್ತು. ಕ್ರಿಕೆಟ್ ಹಾಕಿದರು. ಹುಲ್ಲಿನ ಗರಿ ಗರಿ ಕಾಣುತ್ತಿತ್ತು.

ಆಮೇಲೆ ನಮ್ಮ ಕನ್ನಡ ಚಾನೆಲ್ ಹಾಕಿದರು.

ನ್ಯೂಸ್ ಓದುತ್ತಿದ್ದ ಹೆಣ್ಣುಮಗಳ ಮುಖ ನೆನೆಸಿಟ್ಟ ಅವಲಕ್ಕಿಯ ಹಾಗೆ ಕಲಸಿಕೊಂಡಿತ್ತು. ಅದು ಸಾಲದೆಂಬಂತೆ ಚಿತ್ರ ನಡುವೆ ಮಾತ್ರ. ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟಿ.

“ಇದೇನ್ರೀ, ಟಿವಿ ಕಾಲು ಭಾಗ ಕೆಟ್ಟೋಗಿದೆ?” ಎಂದಳು ಸುಮ.

“ಕೆಟ್ಟಿಲ್ಲ ಮೇಡಂ. ನಿಮ್ ಟಿವಿ ಉದ್ದ ಐತೆ, ಕನ್ನಡ ಚಾನೆಲ್ ಇನ್ನೂ ಚೌಕ ಐತೆ. ಅವ್ರು ಎಚ್‌ಡಿ ಮಾಡೋವರ್ಗೂ ಹಿಂಗೇ” ಎಂದರು ಖಲೀಲ್ ಭಾಯ್.

“ನಾವು ತಗೊಂಡಿರೋದು ಪೂರ್ತಿ ಟಿವಿ ಅಲ್ವಾ? ಪೂರ್ತಿ ಬರೋ ಹಾಗೆ ಮಾಡಿ.”

“ಎಳೀಬೋದು. ಆದ್ರೆ ಎಲ್ಲಾರೂ ಸ್ವಲ್ಪ ದಪ್ಪ ಕಾಣ್ತಾರೆ.”

“ಕಾಣ್ಲಿ ಬಿಡಿ. ಉಂಡು ತಿಂದವರ ಥರ ಇರ್ತಾರೆ.”

ಖಲೀಲ್ ಭಾಯ್ ನನ್ನ ಮುಖ ನೋಡಿದರು. ನಾನು ಸೀಲಿಂಗ್ ನೋಡಿದೆ. (ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಎಲ್ಲಿ ನೋಡಬೇಕು ಎಂದು ಗೊತ್ತಿರುತ್ತದೆ.) ಅವರು ರಿಮೋಟ್‌ನಲ್ಲಿ ಏನನ್ನೋ ಒತ್ತಿದರು. ಚಿತ್ರ ಎರಡೂ ಕಡೆಗೆ ಎಳೆದುಕೊಂಡು ಗೋಡೆ ತುಂಬಿತು. ವಾರ ಕಳೆಯುವುದರೊಳಗೆ ನಮಗೆ ಅದೇ ರೂಢಿಯಾಯಿತು. ಧಾರಾವಾಹಿಯ ಎಲ್ಲ ಅತ್ತೆಯರೂ ಅಗಲವಾಗಿದ್ದರು, ಅದು ಅತ್ತೆಯ ಪಾತ್ರಕ್ಕೆ ಹೊಂದುತ್ತಲೂ ಇತ್ತು.

ಈಗ ಜಯಕ್ಕನ ವಿಷಯಕ್ಕೆ ಬರುತ್ತೇನೆ. ಅಕ್ಕನನ್ನು ಕೊಟ್ಟಿರುವುದು ಹುಲಿಯೂರುದುರ್ಗಕ್ಕೆ. ಮದುವೆಯಾದ ಹೊಸದರಲ್ಲಿ ಅತ್ತೆ ಕೆಂಪಮ್ಮನವರು ಸೊಸೆಗೆ ಮುದ್ದೆ ಮಾಡಲು ಹೇಳಿದರು. ನಮ್ಮ ಕಡೆ ಅದೊಂದು ಪರೀಕ್ಷೆ. ಬಂದ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದರು. ಅಕ್ಕ ಗಾಬರಿಯಲ್ಲಿ ನೀರು ಜಾಸ್ತಿ ಇಟ್ಟಿದ್ದಳು. ತಟ್ಟೆಗೆ ಹಾಕಿದ ಮುದ್ದೆ ಹಾಗೇ ಕೂತುಕೊಂಡು ಹರಡಿತು.

“ಇದೇನವ್ವ, ಮುದ್ದೆನೋ ಬೆರಣಿನೋ?” ಎಂದರು ಕೆಂಪಮ್ಮನವರು, ಪಂಕ್ತಿಗೆಲ್ಲ ಕೇಳುವ ಹಾಗೆ.

ಆಮೇಲೆ ಅಕ್ಕ ಮುದ್ದೆ ಕಲಿತಳು. ಎಂಥ ಮುದ್ದೆ! ಅಳತೆ ಇಟ್ಟು ಮಾಡಿದ ಹಾಗೆ ದುಂಡಗೆ. ಊರಿನ ಮದುವೆ ಮನೆಗಳಿಂದ ಹೇಳಿಕಳಿಸುವಷ್ಟು ಹೆಸರಾಯಿತು. ಆದರೆ ಕೆಂಪಮ್ಮನವರ ಬಾಯಿಂದ ಮಾತ್ರ “ಚೆನ್ನಾಗೈತೆ” ಎಂಬ ಒಂದು ಮಾತು ಬರಲಿಲ್ಲ. ಉಣ್ಣುತ್ತಾರೆ, ಕೈ ತೊಳೆಯುತ್ತಾರೆ, ಎದ್ದು ಹೋಗುತ್ತಾರೆ. ಸೊಸೆಯನ್ನು ಬಾಯಿ ಬಿಟ್ಟು ಹೊಗಳಿದರೆ ಮನೆಯ ತೊಲೆ ಮುರಿಯುತ್ತದೆ ಎಂದು ಆ ತಲೆಮಾರಿನವರಿಗೆ ಯಾರು ಹೇಳಿಕೊಟ್ಟರೋ?

ಹೀಗಿರುವಾಗ ಕನ್ನಡ ಚಾನೆಲ್ಲೊಂದರ ಅಡುಗೆ ಕಾರ್ಯಕ್ರಮದವರು ಕುಣಿಗಲ್‌ಗೆ ಬಂದರು. ಸುತ್ತಲಿನ ಊರಿನ ಹೆಂಗಸರಿಂದ ಅಲ್ಲಿನ ಅಡುಗೆ ಮಾಡಿಸುವುದು ಅವರ ಕೆಲಸ. ಯಾರೋ ಅಕ್ಕನ ಹೆಸರು ಹೇಳಿದ್ದಾರೆ. ಅವಳು ಮಾಡಬೇಕಾಗಿದ್ದು ಹುರುಳಿಕಾಳು ಬಸ್ಸಾರು, ರಾಗಿಮುದ್ದೆ. ಜೊತೆಗೆ ನಾನೂ ಹೋಗಿದ್ದೆ. ಪರಿಚಯವಿಲ್ಲದ ಒಲೆ, ಕಣ್ಣು ಕುಕ್ಕುವ ಲೈಟು, ಎದುರಿಗೆ ಹತ್ತು ಜನ. ಮುದ್ದೆ ಕೋಲು ಹಿಡಿದ ಅಕ್ಕನ ಕೈ ನಡುಗುವುದು ನನಗೇ ಕಾಣುತ್ತಿತ್ತು.

ಮುಗಿದ ಮೇಲೆ ಕ್ಯಾಮೆರಾ ಹುಡುಗನನ್ನು ಪಕ್ಕಕ್ಕೆ ಕರೆದು ಚಹಾ ಕೊಡಿಸಿ ಕೇಳಿದೆ. ಅಲ್ಲಪ್ಪಾ, ನಿಮ್ಮ ಚಾನೆಲ್ ಎಚ್‌ಡಿ ಆಗುವುದು ಯಾವಾಗ?

“ಒಳ್ಳೇ ಪ್ರಶ್ನೆ ಸಾರ್” ಎಂದು ನಕ್ಕ. “ಕ್ಯಾಮೆರಾ ಬದಲಾಯಿಸ್ಬೇಕು, ಎಡಿಟಿಂಗ್ ಬದಲಾಯಿಸ್ಬೇಕು, ಮೇಲೆ ಸ್ಯಾಟಲೈಟ್‌ನಲ್ಲಿ ಜಾಸ್ತಿ ಜಾಗ ಹಿಡೀಬೇಕು. ಜಾಹೀರಾತು ಕೊಡೋರು ಮಾತ್ರ ಹಳೇ ರೇಟೇ ಕೊಡ್ತಾರೆ. ನಿಮ್ ಊರಲ್ಲಿ ಎಚ್‌ಡಿ ಟಿವಿ ಎಷ್ಟ್ ಮನೇಲಿದೆ ಹೇಳಿ?”

ನನ್ನ ಮನೆ ಬಿಟ್ಟು ಇನ್ನೊಂದು ನೆನಪಾಗಲಿಲ್ಲ.

“ನೋಡಿ. ಟಿವಿ ಇಲ್ಲ ಅಂತ ನಾವ್ ಮಾಡಲ್ಲ. ನಾವ್ ಮಾಡಲ್ಲ ಅಂತ ಜನ ಟಿವಿ ತಗೊಳ್ಳಲ್ಲ. ಇನ್ನೊಂದ್ ಗುಟ್ಟು ಹೇಳ್ಲಾ? ನಮ್ ಸೆಟ್ ಎಲ್ಲಾ ಪ್ಲೈವುಡ್ ಸಾರ್. ಎಚ್‌ಡಿ ಬಂದ್ರೆ ಅರಮನೆ ಕಂಬಕ್ಕೆ ಹೊಡೆದಿರೋ ಮೊಳೆ ಕಾಣ್ತದೆ.”

ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ಗಾದೆ ಈ ಹುಡುಗನನ್ನು ನೋಡಿಯೇ ಹುಟ್ಟಿರಬೇಕು. ಆದರೂ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಹಿಂದಿ, ಇಂಗ್ಲಿಷ್ ಚಾನೆಲ್‌ಗಳಿಗೆ ದೇಶವೆಲ್ಲ ಗಿರಾಕಿ. ನಮ್ಮವರಿಗೆ ನಾವೇ ಗಿರಾಕಿ. ನಾವೋ, ಟಿವಿ ಕೆಟ್ಟರೆ ತಲೆಯ ಮೇಲೆ ಎರಡು ಏಟು ಕೊಟ್ಟು ಇನ್ನೊಂದು ವರ್ಷ ನೋಡುವ ಜನ. ಅವಸರ ಯಾರಿಗಿದೆ?

ಪ್ರಸಾರ ಶನಿವಾರ ಹನ್ನೆರಡಕ್ಕೆ, ಮರುಪ್ರಸಾರ ಸಂಜೆ ನಾಲ್ಕೂವರೆಗೆ ಎಂದು ತಿಳಿಯಿತು. ನಾನು ಸುಮ್ಮನಿರಬಾರದಿತ್ತೇ? ಅಕ್ಕನಿಗೆ ಫೋನ್ ಮಾಡಿ, “ನಿಮ್ಮ ಸಣ್ಣ ಟಿವಿಯಲ್ಲಿ ಏನ್ ನೋಡ್ತೀಯ, ನಮ್ಮನೆಗೆ ಬಾ, ಗೋಡೆ ತುಂಬಾ ನೋಡು” ಎಂದೆ. ಅಷ್ಟಕ್ಕೇ ನಿಲ್ಲಿಸದೆ, “ಅತ್ತೇನೂ ಕರ್ಕೊಂಡು ಬಾ” ಎಂದೆ.

ಬಂದರು. ಎಂಬತ್ತರ ಕೆಂಪಮ್ಮನವರು ಮಂಡಿ ನೋವು ಇಟ್ಟುಕೊಂಡು, ಎರಡು ಬಸ್ ಹತ್ತಿ ಇಳಿದು ಬಂದರು. ಅವರಿಗೆ ಮಂಡಿ ಸರಿಯಿಲ್ಲ, ಕಣ್ಣು ಸರಿಯಾಗಿದೆ. ಪೊರೆ ಆಪರೇಷನ್ ಆದ ಮೇಲೆ ರಾಗಿಯೊಳಗಿನ ಕಲ್ಲನ್ನು ನಿಂತಲ್ಲಿಂದಲೇ ತೋರಿಸುತ್ತಾರೆ.

ಹನ್ನೆರಡಾಯಿತು. ಅಕ್ಕ ಗೋಡೆ ತುಂಬ ಬಂದಳು. ತುಂಬ ಎಂದರೆ ನಿಜವಾಗಿಯೂ ತುಂಬ. ಬಾಗಿಲಲ್ಲಿ ಹಿಡಿಸದಷ್ಟು. ಅಕ್ಕ “ಅಯ್ಯೋ, ನಾನು ಇಷ್ಟು ದಪ್ಪ ಇದೀನಾ?” ಎಂದಳು. ನಾವು ನಕ್ಕೆವು. ಅವಳೂ ನಕ್ಕಳು. ಬಸ್ಸಾರು ಕುದಿಯಿತು. ಹಿಟ್ಟು ಬೆಂದಿತು. ಅಕ್ಕ ಕೈಗೆ ನೀರು ಸವರಿಕೊಂಡು ಮುದ್ದೆ ಕಟ್ಟಿ ತಟ್ಟೆಗೆ ಇಟ್ಟಳು. ಕ್ಯಾಮೆರಾ ಹತ್ತಿರ ಹೋಯಿತು.

ನಲವತ್ತು ಇಂಚಿನ ತುಂಬ ಒಂದು ಚಪ್ಪಟೆ ಮುದ್ದೆ.

ಕೆಂಪಮ್ಮನವರು ಟಿವಿ ನೋಡಿದರು, ಸೊಸೆಯನ್ನು ನೋಡಿದರು.

“ಇಷ್ಟು ವರ್ಸ ಆದ್ಮೇಲೆ, ಊರೋರೆಲ್ಲ ನೋಡೋವಾಗ, ತಿರ್ಗ ಬೆರಣಿನೇ ತಟ್ಟಿದ್ದೀಯಲ್ಲವ್ವ” ಎಂದರು.

ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ಅವಳ ಮೂವತ್ತು ವರ್ಷದ ಮುದ್ದೆಗಳೆಲ್ಲ ಒಂದೇ ನಿಮಿಷದಲ್ಲಿ ಉರುಳಿಹೋದವು. ಚಿತ್ರ ಎಳೆದಿರುವುದು ಟಿವಿ, ಮುದ್ದೆ ದುಂಡಗೇ ಇತ್ತು, ನಾನೇ ಕಣ್ಣಾರೆ ಕಂಡಿದ್ದೇನೆ ಎಂದೆ. “ತಮ್ಮ ಅಲ್ವೇನಪ್ಪ, ನೀನು ಇನ್ನೇನ್ ಹೇಳ್ತೀಯ” ಎಂದರು ಕೆಂಪಮ್ಮನವರು.

ಅಷ್ಟರಲ್ಲಿ ಗುಬ್ಬಿಯಿಂದ ಮಾವನವರ ಫೋನು. “ಅಳಿಯಂದ್ರೇ, ನೋಡಿದ್ವಿ! ನಿಮ್ಮಕ್ಕನ ಮುದ್ದೆ ಏನ್ ದುಂಡಗೈತೆ, ಚೆಂಡು ಇದ್ದಂಗೈತೆ!” ನಾನು ಬಿಟ್ಟುಕೊಟ್ಟ ಡಬ್ಬಾ ಟಿವಿ ಗುಬ್ಬಿಯಲ್ಲಿ ಕೂತು ಸತ್ಯ ಹೇಳುತ್ತಿತ್ತು. ಸ್ಪೀಕರ್ ಹಾಕಿ ಕೆಂಪಮ್ಮನವರಿಗೂ ಕೇಳಿಸಿದೆ. “ಬೀಗರು ದೊಡ್ಡೋರು, ಮರ್ಯಾದೆಗೆ ಹೇಳ್ತಾರೆ” ಎಂದರು.

ಉಳಿದಿದ್ದು ನಾಲ್ಕೂವರೆಯ ಮರುಪ್ರಸಾರ. ನಾನು ರಿಮೋಟ್ ಹಿಡಿದು ಸಿಕ್ಕಿದ್ದನ್ನೆಲ್ಲ ಒತ್ತಿದೆ. ಒಂದು ಗುಂಡಿಗೆ ಜನರ ತಲೆಗಳು ಹಾರಿಹೋದವು, ಇನ್ನೊಂದಕ್ಕೆ ಕಾಲುಗಳು. ಮೂರನೆಯದಕ್ಕೆ ಟಿವಿ ಯಾವುದೋ ಅರ್ಥವಾಗದ ಭಾಷೆಯಲ್ಲಿ ಬರಹ ತೋರಿಸಿತು. ಸುಮ ರಿಮೋಟ್ ಕಿತ್ತುಕೊಂಡು ಖಲೀಲ್ ಭಾಯ್‌ಗೆ ಫೋನ್ ಮಾಡಿದಳು. ಅವರು ಹೆದ್ದಾರಿ ಪಕ್ಕದ ಕೋರದಲ್ಲಿ ಯಾರದೋ ಮನೆಯ ಮಾಳಿಗೆ ಮೇಲೆ ಡಿಶ್ ಕೂರಿಸುತ್ತಿದ್ದರು.

“ನಾಳೆ ಬಂದ್ರೆ ಆಗಲ್ವಾ ಮೇಡಂ?”

“ಭಾಯ್, ನಮ್ ನಾದಿನಿ ಮುದ್ದೆ ಚಪ್ಪಟೆ ಕಾಣ್ತಿದೆ. ಅವರತ್ತೆ ಇಲ್ಲೇ ಕೂತವ್ರೆ.”

“ಅತ್ತೆ ಕೂತವ್ರಾ? ಬಂದೆ ಇರಿ.”

ನಾಲ್ಕೂ ಇಪ್ಪತ್ತಕ್ಕೆ ಸ್ಕೂಟರ್ ನಿಂತಿತು. ಮೈಯೆಲ್ಲ ಹೆದ್ದಾರಿಯ ಧೂಳು. ಚಪ್ಪಲಿ ಬಿಟ್ಟು ಒಳಗೆ ಬಂದವರು ನೇರ ಕೆಂಪಮ್ಮನವರ ಎದುರು ಕೂತರು. ಅಡುಗೆ ಮನೆಯಿಂದ ಒಂದು ಬಟ್ಟಲು ತರಿಸಿ ಅವರ ಕೈಗೆ ಕೊಟ್ಟರು.

“ಅಮ್ಮ, ಇದು ಹೆಂಗೈತೆ?”

“ದುಂಡಗೈತೆ.”

ಪುಣ್ಯಕ್ಕೆ ಆ ಹೊತ್ತಿಗೆ ಕನ್ನಡ ಚಾನೆಲ್‌ನಲ್ಲಿ ಪಾತ್ರೆ ತೊಳೆಯುವ ಸೋಪಿನ ಜಾಹೀರಾತು ಬಂತು. “ಅಲ್ನೋಡಿ, ಆ ಬಟ್ಟಲು ಹೆಂಗೈತೆ? ಆ ತಟ್ಟೆ ಹೆಂಗೈತೆ? ಎಲ್ಲಾ ಚಪ್ಪಟೆ. ಅವ್ರ ಮನೆ ಪಾತ್ರೆನೂ ನಿಮ್ ಸೊಸೆನೇ ತಟ್ಟಿದ್ರಾ?”

ಕೆಂಪಮ್ಮನವರು ಬಟ್ಟಲನ್ನೊಮ್ಮೆ, ಟಿವಿಯನ್ನೊಮ್ಮೆ ನೋಡಿದರು. ಖಲೀಲ್ ಭಾಯ್ ರಿಮೋಟ್‌ನಲ್ಲಿ ಎರಡು ಗುಂಡಿ ಒತ್ತಿದರು. ಎರಡೂ ಕಡೆ ಕಪ್ಪು ಪಟ್ಟಿಗಳು ಬಂದವು. ತಟ್ಟೆ ದುಂಡಗಾಯಿತು. ಈ ಸಲ ಸುಮ ಆ ಪಟ್ಟಿಗಳ ಬಗ್ಗೆ ಚಕಾರ ಎತ್ತಲಿಲ್ಲ.

ಮರುಪ್ರಸಾರ ಶುರುವಾಯಿತು. ಅಕ್ಕ ತನ್ನ ಅಳತೆಗೆ ಬಂದಿದ್ದಳು. ಚಿತ್ರ ಮಸುಕೇ, ಆದರೆ ಅಕ್ಕ ಅಕ್ಕನೇ. ಮುದ್ದೆ ತಟ್ಟೆಗೆ ಬಂತು. ಕ್ಯಾಮೆರಾ ಹತ್ತಿರ ಹೋಯಿತು.

ದುಂಡಗೆ ಇತ್ತು. ಎಲ್ಲಿಂದ ನೋಡಿದರೂ ದುಂಡಗೆ.

ಕೆಂಪಮ್ಮನವರು ಜಾಹೀರಾತು ಬರುವವರೆಗೂ ಕಣ್ಣು ಕೀಳಲಿಲ್ಲ. ಆಮೇಲೆ ಸೊಸೆಯ ಕಡೆ ತಿರುಗದೆ, ಟಿವಿಗೇ ಹೇಳುವ ಹಾಗೆ ಹೇಳಿದರು.

“ಚೆನ್ನಾಗ್ ಕಟ್ಟವ್ಳೆ ಕಣಪ್ಪ. ಒಂದು ಗಂಟಿಲ್ಲ ನೋಡು, ಎಷ್ಟು ನುಣ್ಣಗೈತೆ.”

ಮನೆಯ ತೊಲೆ ಮುರಿಯಲಿಲ್ಲ. ಅಕ್ಕ ಮತ್ತೆ ಸೆರಗು ಬಾಯಿಗಿಟ್ಟುಕೊಂಡಳು, ಈ ಸಲ ಬೇರೆ ಕಾರಣಕ್ಕೆ. ಖಲೀಲ್ ಭಾಯ್ ಟಿವಿ ಕೆಳಗೆ ಇಲ್ಲದ ಧೂಳು ಒರೆಸತೊಡಗಿದರು. ನನಗೆ ಎಂಥ ಖುಷಿಯಾಯಿತೆಂದರೆ, ಸಿಂಹದ ಮೀಸೆ ಎಣಿಸಿದ ದಿನವೂ ಅಷ್ಟು ಆಗಿರಲಿಲ್ಲ.

ಕಾಫಿ ಮಾಡುವಾಗ ಅಕ್ಕ ಅಡುಗೆ ಮನೆಗೆ ನನ್ನನ್ನು ಕರೆದಳು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು.

“ಲೋ, ನಮ್ ಕನ್ನಡ ಚಾನೆಲ್‌ಗೆ ಆ ಎಚ್‌ಡಿ ಬರೋದು ಇನ್ನೂ ತಡಾನಾ?”

“ತಡ ಆಗ್ತದಂತೆ ಕಣಕ್ಕ. ಯಾಕೆ?”

“ಅವತ್ತು ಕೈ ನಡುಗ್ತಿತ್ತಲ್ಲ, ಹಿಟ್ಟು ಸರಿಯಾಗಿ ಕೋಲಲ್ಲಿ ತೊಳಸೋಕೇ ಆಗ್ಲಿಲ್ಲ ಕಣೋ. ಮುದ್ದೆ ಮೇಲೇ ಮೂರು ಗಂಟಿತ್ತು. ಟಿವಿಲಿ ಒಂದೂ ಕಾಣ್ಲಿಲ್ಲ ನೋಡು!”

ಇದನ್ನು ಬರೆಯುತ್ತಿರುವುದು ಕೆಂಪಮ್ಮನವರು ಪೇಪರ್ ಓದುವುದಿಲ್ಲ ಎಂಬ ಧೈರ್ಯದ ಮೇಲೆ. ಹಾಗೆಯೇ, ನಮ್ಮ ಚಾನೆಲ್‌ಗಳಿಗೆ ಎಚ್‌ಡಿ ಯಾಕೆ ಬರಲಿಲ್ಲ ಎಂದು ಎರಡು ತಿಂಗಳಿಂದ ಕಂಡಕಂಡವರ ಹತ್ತಿರ ಗೊಣಗುತ್ತಿದ್ದ ನಾನು ಆ ಮಾತನ್ನೆಲ್ಲ ವಾಪಸ್ ತೆಗೆದುಕೊಂಡಿದ್ದೇನೆ.

ಚಾನೆಲ್‌ನವರೇ, ನಿಧಾನಕ್ಕೇ ಬನ್ನಿ. ಕೆಂಪಮ್ಮನವರ ಕಣ್ಣು ಇನ್ನೂ ಚೆನ್ನಾಗಿದೆ.