ತ್ರಿಶಂಕುವಿನ ಬಲಕ್ಕೊಂದು ಮಬ್ಬು

ಅರವತ್ತರ ದಶಕದ ಮೊದಮೊದಲ ಬೇಸಿಗೆಗಳು ನೆನಪಾದರೆ ಈಗಲೂ ನನಗೆ ಕುತ್ತಿಗೆ ನೋಯುತ್ತದೆ. ಯಲ್ಲಾಪುರದಲ್ಲಿ ಅಣ್ಣ ಫೋಟೋ ಸ್ಟುಡಿಯೋ ನಡೆಸುತ್ತಿದ್ದ. ನಾನು ಅಲ್ಲಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಮದುವೆ ಫೋಟೋ ತೆಗೆದು ತೆಗೆದು ಬೇಸತ್ತಿದ್ದ ಅವನಿಗೆ ಒಂದು ಏಪ್ರಿಲ್‌ನಲ್ಲಿ ಹಳೇ ದುರ್ಬೀನಿನೊಳಗೆ ನೀಹಾರಿಕೆಯೊಂದು ಕಂಡಿತು. ತ್ರಿಶಂಕು ನಕ್ಷತ್ರಗಳ ಬಲಕ್ಕೆ, ದಕ್ಷಿಣದ ಕಾಡಿನ ನೆತ್ತಿಗಿಂತ ತುಸುವೇ ಮೇಲೆ, ಹಿಂಜಿದ ಅರಳೆಯಂಥ ಮಬ್ಬು. ಅದರ ಫೋಟೋ ತೆಗೆಯಲೇಬೇಕೆಂದು ಹಟ ಹಿಡಿದ.

ಅಂಥ ಮಬ್ಬನ್ನು ಹಿಡಿಯಲು ಕ್ಯಾಮೆರಾ ತಾಸುಗಟ್ಟಲೆ ತೆರೆದಿರಬೇಕು; ಅಷ್ಟು ಹೊತ್ತೂ ಆಕಾಶ ತಿರುಗುತ್ತಿರುತ್ತದೆ, ಕ್ಯಾಮೆರಾವನ್ನೂ ಅದರ ಜೊತೆಗೆ ತಿರುಗಿಸದಿದ್ದರೆ ನಕ್ಷತ್ರಗಳೆಲ್ಲ ಗೆರೆಗಳಾಗುತ್ತವೆ. ಅಣ್ಣ ಲಾರಿ ಗ್ಯಾರೇಜಿನಲ್ಲಿ ಉದ್ದನೆಯ ತಿರುಪೊಂದನ್ನು ಮಾಡಿಸಿ, ಧ್ರುವ ನಕ್ಷತ್ರದ ಕಡೆ ವಾಲಿಸಿದ ಮರದ ಚೌಕಟ್ಟಿಗೆ ಹಾಕಿ, ಅದರ ಮೇಲೆ ಕ್ಯಾಮೆರಾವನ್ನೂ ದುರ್ಬೀನನ್ನೂ ಒಟ್ಟಿಗೆ ಬಿಗಿದ. ದುರ್ಬೀನಿನಲ್ಲಿ ಕಣ್ಣಿಡುವ ಕಡೆ ನಡುವೆ ಕಟ್ಟಿದ್ದ ಎಳೆಯಿಂದ ನಕ್ಷತ್ರವೊಂದು ಸರಿಯದ ಹಾಗೆ ತಿರುಪನ್ನು ಮೆಲ್ಲಮೆಲ್ಲನೆ ತಿರುಗಿಸುತ್ತಿರಬೇಕು. ಅವನ ಕೈ ಅಷ್ಟು ನಿಧಾನಕ್ಕೆ ಒಗ್ಗಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು.

ಊಟ ಮುಗಿಸಿ ಸಾಮಾನು ಹೊತ್ತು ಚಂದಗುಳಿ ದಾರಿಯ ಬೋಳು ಗುಡ್ಡಕ್ಕೆ ನಡೆಯುತ್ತಿದ್ದೆವು. ಮೊದಲ ವರ್ಷ ಮರದ ನಾಟಾ ತುಂಬಿದ ಲಾರಿಯ ದೀಪ ಹೊಡೆದು ಕ್ಯಾಮೆರಾದೊಳಗಿನ ಗಾಜಿನ ಪ್ಲೇಟು ಪೂರ್ತಿ ಕಪ್ಪಾಯಿತು. ಮರುವರ್ಷ ಗುಡುಗಿನ ಮೋಡಗಳು ಬಿಡುವು ಕೊಟ್ಟ ಒಂದೇ ರಾತ್ರಿ ಚಿತ್ರ ಸಿಕ್ಕಿತು. ಆದರೆ ತಗಡಿನ ಮಾಡಿನ ಕತ್ತಲೆಕೋಣೆಯಲ್ಲಿಟ್ಟಿದ್ದ ನೀರು ಹಗಲಿನ ಬಿಸಿಲಿಗೆ ಕಾದು ಬೆಚ್ಚಗೇ ಉಳಿದಿತ್ತು. ಅದರಲ್ಲೇ ಪ್ಲೇಟು ತೊಳೆಯುವಾಗ ಮಬ್ಬು ಮೂಡಿದ್ದನ್ನು ಇಬ್ಬರೂ ಕಂಡೆವು; ನೋಡುನೋಡುತ್ತಲೇ ಲೇಪವೆಲ್ಲ ಗಾಜಿನಿಂದ ಜಾರಿ ತಟ್ಟೆಯ ತಳ ಸೇರಿತು.

ಮೂರನೆಯ ವರ್ಷ ಅವನಿಗೆ ದಮ್ಮು ಹಿಡಿದಿತ್ತು. ರಾತ್ರಿ ಇಬ್ಬನಿಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರೂ ಬಂದ. ಕಂಬಳಿ ಹೊದ್ದು ಪಕ್ಕದಲ್ಲಿ ಕುಳಿತು ಗಡಿಯಾರ ನೋಡುತ್ತಿದ್ದ. ಬೆಳಿಗ್ಗೆ ನನಗೆ ಶಾಲೆ. ಕಣ್ಣಲ್ಲಿ ನೀರಾಡಿ ನಕ್ಷತ್ರ ಎರಡಾಗಿ ಕಾಣತೊಡಗಿತು.

"ಎಂಗೆ ಸಾಕಾತು ಅಣ್ಣಯ್ಯ," ಎಂದೆ. "ಕುತ್ತಿಗೆ ಎತ್ತಲೆ ಆಗ್ತಿಲ್ಲೆ."

ಅವನು ಏದುಸಿರಿನ ನಡುವೆಯೇ, "ಇನ್ನು ಸ್ವಲ್ಪ ಹೊತ್ತು, ತಂಗಿ. ಮೋಡ ಬಂದ್ರೆ ಮತ್ತೆ ಬಪ್ಪ ವರ್ಷವೇಯ," ಎಂದ.

ಮುಂದಿನ ವರ್ಷವೂ ಇದೇ ಎಂಬ ಮಾತಿಗೇ ಹೆದರಿ ತಿರುಪು ತಿರುಗಿಸಿದೆ.

ಈ ಸಲ ಮಣ್ಣಿನ ಕೊಡದಲ್ಲಿ ತಣಿಸಿಟ್ಟ ನೀರಿನಲ್ಲಿ ತೊಳೆದೆವು. ಕಾಗದಕ್ಕೆ ಇಳಿಸಿದಾಗ ನಕ್ಷತ್ರಗಳು ತುಸು ಎಳೆದ ಹಾಗಿದ್ದವು, ನಿಜ. ಆದರೆ ಆ ಮಬ್ಬು ಇತ್ತು. ದುರ್ಬೀನಿನಲ್ಲಿ ನಮಗೆ ಎಂದೂ ಕಾಣದಿದ್ದ ಕಪ್ಪು ಸೀಳೊಂದು ಅದರ ನಡುವೆ ಹಾದುಹೋಗಿತ್ತು. ಅಣ್ಣ ಭೂತಗನ್ನಡಿ ಹಿಡಿದು ನೋಡಿ, "ಇದ್ದು," ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕುಳಿತ. ಸಂತೋಷಪಡಲು ಇಬ್ಬರಿಗೂ ತ್ರಾಣವಿರಲಿಲ್ಲ.

ಅದನ್ನು ಅವನು ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಮದುಮಕ್ಕಳ ಫೋಟೋಗಳ ನಡುವೆ ಇಟ್ಟ. ಬಂದವರು ಕೆಟ್ಟುಹೋದ ಫೋಟೋ ಎಂದುಕೊಳ್ಳುತ್ತಿದ್ದರು. ಅವನು ತಿದ್ದಲು ಹೋಗಲಿಲ್ಲ. ಮುಂದಿನ ಫಾಲ್ಗುಣದಲ್ಲಿ ಒಂದು ಸಂಜೆ ಶಾಲೆಯಿಂದ ಬಂದರೆ, ಅಂಗಳದಲ್ಲಿ ಕುಳಿತು ಮರದ ಚೌಕಟ್ಟಿಗೆ ಎಣ್ಣೆ ಹಚ್ಚುತ್ತಿದ್ದಾನೆ. ಈ ಬೇಸಿಗೆಯೂ ಗುಡ್ಡವೇ ಎಂದುಕೊಂಡು ಕಾಲು ತೊಳೆದು ಒಳಗೆ ಹೋಗಿ ಮಲಗಿಬಿಟ್ಟೆ.